ಕಳೆದ ವಾರದ ಲೆಕ್ಕ ಕೇಳಿ: ವಿಶ್ವವಿದ್ಯಾಲಯದ ಊರಿನಲ್ಲಿ ವಿದ್ಯಾರ್ಥಿಗಳ ಬದುಕನ್ನು ಅರಿಯುವ ಮಾರುಕಟ್ಟೆ ಸಂಶೋಧನೆ

ಧಾರವಾಡದ ಸಪ್ತಾಪುರದಲ್ಲಿ ಬೆಳಗಿನ ಹೊತ್ತು ಅರ್ಧ ತಾಸು ನಿಂತರೆ, ಬೆನ್ನಿಗೆ ಚೀಲ ಹಾಕಿಕೊಂಡು ವಾಚನಾಲಯಗಳತ್ತ, ತರಬೇತಿ ಕೇಂದ್ರಗಳತ್ತ ನಡೆಯುವ ಯುವಕ ಯುವತಿಯರು ಸಾಲುಸಾಲಾಗಿ ಕಾಣುತ್ತಾರೆ. ಅವರಲ್ಲಿ ಒಬ್ಬರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿರಬಹುದು, ಇನ್ನೊಬ್ಬರು ಪದವಿ ಮುಗಿಸಿ ಮೂರು ವರ್ಷ ಕಳೆದರೂ ಊರಿಗೆ ಮರಳದೆ ಪಿಎಸ್‌ಐ ಪರೀಕ್ಷೆಗೆ ಓದುತ್ತಿರಬಹುದು, ಮತ್ತೊಬ್ಬರು ಅಮ್ಮಿನಭಾವಿಯ ಕಡೆಯಿಂದ ಮೊದಲ ಬಸ್ಸಿಗೆ ಬಂದಿಳಿದು, ಸಂಜೆಯ ಬಸ್ಸು ತಪ್ಪಬಾರದೆಂಬ ಚಿಂತೆಯಲ್ಲೇ ದಿನ ಕಳೆಯುವವರಿರಬಹುದು. ಬದಿಯ ಅಂಗಡಿಯವರಿಗೆ ಇವರೆಲ್ಲರೂ ‘ಸ್ಟೂಡೆಂಟ್ಸ್’. ಖಾನಾವಳಿ, ಪಿಜಿ, ವಾಚನಾಲಯ ತೆರೆಯಲು ಬಯಸುವವರು, ವಿದ್ಯಾರ್ಥಿ ಕಲ್ಯಾಣದ ಹೊಣೆ ಹೊತ್ತ ಅಧಿಕಾರಿಗಳು, ಯುವಕರಿಗಾಗಿ ಆ್ಯಪ್ ಕಟ್ಟಲು ಹೊರಟವರು, ಎಲ್ಲರೂ ಈ ಒಂದು ಪದವನ್ನು ನಂಬಿ ಲೆಕ್ಕ ಹಾಕುತ್ತಾರೆ, ಮತ್ತು ಅಲ್ಲಿಯೇ ಎಡವುತ್ತಾರೆ. ಸಣ್ಣ ಉದ್ದಿಮೆಗಳಿಗೂ ಸಂಘಸಂಸ್ಥೆಗಳಿಗೂ ಕ್ಷೇತ್ರ ಸಮೀಕ್ಷೆ ಮಾಡಿಕೊಡುತ್ತ ಬಂದಿರುವ ನನ್ನ ಅನುಭವದಿಂದ, ಇಂಥ ಸಂಶೋಧನೆಯನ್ನು ಕಡಿಮೆ ಖರ್ಚಿನಲ್ಲಿ, ವಿದ್ಯಾರ್ಥಿಗಳ ಮರ್ಯಾದೆ ಕಾಯ್ದುಕೊಂಡು ನಡೆಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ಬಹುಪಾಲು ಧಾರವಾಡದವು. ಮೈಸೂರು, ಕಲಬುರಗಿ, ಶಿವಮೊಗ್ಗದಂಥ ಊರುಗಳಿಗೆ ಹೊಂದಿಸಿಕೊಳ್ಳುವುದು ಕಷ್ಟವಲ್ಲ.

ಮೊದಲ ಹೆಜ್ಜೆ: ಯಾವ ತೀರ್ಮಾನಕ್ಕಾಗಿ ಕೇಳುತ್ತಿದ್ದೀರಿ ಎಂಬುದನ್ನು ಬರೆದಿಡಿ

‘ವಿದ್ಯಾರ್ಥಿಗಳ ಜೀವನಶೈಲಿಯನ್ನು ತಿಳಿಯುವುದು’ ಎಂಬುದರಿಂದ ಸಮೀಕ್ಷೆ ಹುಟ್ಟುವುದಿಲ್ಲ. ‘ಮುಂದಿನ ಸೆಮಿಸ್ಟರಿನಿಂದ ರವಿವಾರ ರಾತ್ರಿಯೂ ಊಟ ಕೊಡಬೇಕೇ’, ‘ವಾಚನಾಲಯವನ್ನು ರಾತ್ರಿ 12ರವರೆಗೆ ತೆರೆದಿಡಬೇಕೇ’, ‘ವಸತಿಗೃಹದಿಂದ ತರಗತಿಗೆ ವಾಹನ ಬಿಡುವುದಾದರೆ ಯಾವ ಹೊತ್ತಿಗೆ’ ಎಂಬಂಥ ಪ್ರಶ್ನೆಗಳಿಂದ ಹುಟ್ಟುತ್ತದೆ. ಒಂದು ಹಾಳೆಯಲ್ಲಿ ಮೂರು ವಾಕ್ಯಗಳನ್ನು ಬರೆಯಿರಿ: ತೆಗೆದುಕೊಳ್ಳಬೇಕಾದ ತೀರ್ಮಾನ ಯಾವುದು, ಅದನ್ನು ಯಾರು ಎಂದು ತೆಗೆದುಕೊಳ್ಳುತ್ತಾರೆ, ಯಾವ ಉತ್ತರ ಬಂದರೆ ಈಗಿನ ಯೋಚನೆಯನ್ನು ಕೈಬಿಡುತ್ತೀರಿ. ಮೂರನೆಯ ವಾಕ್ಯ ಬರೆಯಲಾಗದಿದ್ದರೆ ಸಮೀಕ್ಷೆಗೆ ಖರ್ಚು ಮಾಡಬೇಡಿ. ಏನೇ ಉತ್ತರ ಬಂದರೂ ಮೊದಲೇ ಅಂದುಕೊಂಡಂತೆಯೇ ಮಾಡುವುದಾದರೆ, ವಿದ್ಯಾರ್ಥಿಗಳ ಸಮಯವನ್ನು ಪಡೆಯುವ ಹಕ್ಕು ನಮಗಿಲ್ಲ.

ಎರಡನೆಯದು: ‘ವಿದ್ಯಾರ್ಥಿ’ ಎಂಬ ಪದವನ್ನು ಬಿಡಿಸಿ ನೋಡಿ

ವಯಸ್ಸು, ಲಿಂಗ, ಕೋರ್ಸು ಎಂದು ವಿಂಗಡಿಸುವುದು ವಾಡಿಕೆ. ಖರ್ಚು ಮತ್ತು ಸಮಯವನ್ನು ಅರಿಯಲು ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಮೂರು ಪ್ರಶ್ನೆಗಳಿವೆ: ರಾತ್ರಿ ಎಲ್ಲಿ ಮಲಗುತ್ತಾರೆ, ಹಣ ಯಾರ ಕೈಯಿಂದ ಬರುತ್ತದೆ, ಓದು ಯಾವ ಗುರಿಯ ಕಡೆಗೆ ಸಾಗಿದೆ. ಧಾರವಾಡದಲ್ಲಿ ಈ ಮೂರನ್ನು ಕೇಳಿಕೊಂಡರೆ ಕಡಿಮೆಯೆಂದರೂ ಐದು ಬೇರೆ ಬೇರೆ ಬದುಕುಗಳು ಕಾಣಿಸುತ್ತವೆ.

ವಿಶ್ವವಿದ್ಯಾಲಯದ ವಸತಿಗೃಹದಲ್ಲಿದ್ದು ಸ್ನಾತಕೋತ್ತರ ಓದುವವರು ಒಂದು ಗುಂಪು. ಅವರ ದಿನ ತರಗತಿ, ಗ್ರಂಥಾಲಯ, ಮೆಸ್ಸಿನ ಗಂಟೆಗಳ ಸುತ್ತ ಸುತ್ತುತ್ತದೆ. ಸುತ್ತಲ ಹಳ್ಳಿಗಳಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಪದವಿ ವಿದ್ಯಾರ್ಥಿಗಳು ಇನ್ನೊಂದು. ಇವರ ಪಟ್ಟಣದ ಬದುಕನ್ನು ಸಂಜೆಯ ಬಸ್ಸು ನಿರ್ಧರಿಸುತ್ತದೆ. ಮೂರು ನಾಲ್ಕು ಮಂದಿ ಸೇರಿ ರೂಮು ಮಾಡಿಕೊಂಡವರು ಮೂರನೆಯವರು. ಪದವಿ ಮುಗಿದ ಮೇಲೂ ಊರಲ್ಲೇ ಉಳಿದು ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಪರೀಕ್ಷೆಗಳಿಗೆ ಓದುವವರು ನಾಲ್ಕನೆಯವರು. ಯಾವ ಕಾಲೇಜಿನ ಹಾಜರಿ ಪುಸ್ತಕದಲ್ಲೂ ಇವರ ಹೆಸರಿಲ್ಲ. ಆದರೆ ಖಾನಾವಳಿ, ಝೆರಾಕ್ಸ್ ಅಂಗಡಿ, ವಾಚನಾಲಯಗಳ ದೊಡ್ಡ ಗಿರಾಕಿಗಳು ಇವರೇ. ಐಐಟಿ, ಐಐಐಟಿಯಂಥ ಸಂಸ್ಥೆಗಳಿಗೆ ಬೇರೆ ರಾಜ್ಯಗಳಿಂದ ಬಂದವರು ಐದನೆಯವರು. ಭಾಷೆಯಿಂದ ಹಿಡಿದು ಊಟದವರೆಗೆ ಅವರ ಅಗತ್ಯವೇ ಬೇರೆ. ಮದುವೆಯಾಗಿ, ಮಕ್ಕಳಿದ್ದು, ಪಿಎಚ್.ಡಿ. ಮಾಡುತ್ತಿರುವವರನ್ನು ಎಲ್ಲಿ ಸೇರಿಸಬೇಕೆಂಬುದನ್ನು ನಿಮ್ಮ ತೀರ್ಮಾನ ನೋಡಿಕೊಂಡು ನಿರ್ಧರಿಸಿ.

ಸರ್ಕಾರದ ಒಂದು ಯೋಜನೆ ಒಂದೇ ಗುಂಪನ್ನು ಎರಡಾಗಿ ಸೀಳಬಲ್ಲದು ಎಂಬುದನ್ನೂ ಮರೆಯಬೇಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ರಾಜ್ಯದ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾಯಿತು. ಒಂದೇ ಹಳ್ಳಿಯಿಂದ ಒಂದೇ ಕಾಲೇಜಿಗೆ ಬರುವ ಅಣ್ಣ ತಂಗಿಯರಲ್ಲಿ ಅಣ್ಣನಿಗೆ ಬಸ್ ಪಾಸಿನ ಖರ್ಚಿದೆ, ತಂಗಿಗೆ ಇಲ್ಲ. ರೂಮು ಮಾಡುವುದೋ ಬಂದುಹೋಗುವುದೋ ಎಂಬ ಮನೆಯ ಲೆಕ್ಕಾಚಾರ ಇಬ್ಬರಿಗೂ ಒಂದೇ ಆಗಿರಲು ಸಾಧ್ಯವಿಲ್ಲ. ಪ್ರಯಾಣದ ವೆಚ್ಚವನ್ನು ಇಬ್ಬರಿಂದಲೂ ಒಟ್ಟಿಗೆ ಕೂಡಿಸಿ ಸರಾಸರಿ ತೆಗೆದರೆ, ಆ ಸರಾಸರಿ ಇಬ್ಬರದ್ದೂ ಅಲ್ಲದ ಸಂಖ್ಯೆಯಾಗುತ್ತದೆ.

ಮೂರನೆಯದು: ಈಗಾಗಲೇ ಇರುವ ಅಂಕಿಅಂಶ ಓದಿಕೊಳ್ಳಿ

ಹೊಸದಾಗಿ ಏನನ್ನೂ ಕೇಳುವ ಮೊದಲು ಎರಡು ದಿನ ಕೂತು ಸಾರ್ವಜನಿಕ ದಾಖಲೆಗಳನ್ನು ಓದಿದರೆ ಅರ್ಧ ಕೆಲಸ ಮುಗಿಯುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ ರಾಜ್ಯವಾರು, ಕೋರ್ಸುವಾರು ದಾಖಲಾತಿಯನ್ನು ಕೊಡುತ್ತದೆ. 2021-22ರ ವರದಿಯಂತೆ ದೇಶದಲ್ಲಿ ಉನ್ನತ ಶಿಕ್ಷಣದಲ್ಲಿದ್ದವರು ಸುಮಾರು 4.33 ಕೋಟಿ. ನಿಮ್ಮ ಊರಿನ ಮಟ್ಟಿಗೆ ಅದಕ್ಕಿಂತ ಬೆಲೆಯುಳ್ಳದ್ದು ರಾಷ್ಟ್ರೀಯ ಶ್ರೇಯಾಂಕ ಚೌಕಟ್ಟಿಗೆ, ಅಂದರೆ ಎನ್‌ಐಆರ್‌ಎಫ್‌ಗೆ, ಸಂಸ್ಥೆಗಳು ಸಲ್ಲಿಸುವ ಮಾಹಿತಿ. ಅದರಲ್ಲಿ ವಿದ್ಯಾರ್ಥಿಗಳು ಎಷ್ಟು, ವಿದ್ಯಾರ್ಥಿನಿಯರು ಎಷ್ಟು, ರಾಜ್ಯದೊಳಗಿನವರು ಎಷ್ಟು, ಹೊರಗಿನವರು ಎಷ್ಟು, ಆರ್ಥಿಕವಾಗಿ ಹಿಂದುಳಿದವರು ಎಷ್ಟು ಎಂಬ ವಿವರಗಳು ಇರುತ್ತವೆ, ಮತ್ತು ಅನೇಕ ಸಂಸ್ಥೆಗಳ ಜಾಲತಾಣದಲ್ಲೇ ಅದು ಸಿಗುತ್ತದೆ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದ ಭಾಗವಾದ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯೂ ಇದೆ. ಅದು ಮುಖ್ಯವಾಗಿ ಬೋಧನೆಯ ಬಗ್ಗೆ ಕೇಳುತ್ತದೆಯಾದ್ದರಿಂದ ಬದುಕಿನ ಬಗ್ಗೆ ಅದರಿಂದ ತಿಳಿಯುವುದು ಕಡಿಮೆ. ಕುಟುಂಬಗಳು ಓದಿಗಾಗಿ ಶುಲ್ಕ, ಪುಸ್ತಕ, ಪ್ರಯಾಣ, ತರಬೇತಿ ಎಂದು ಎಲ್ಲೆಲ್ಲಿ ಖರ್ಚು ಮಾಡುತ್ತವೆ ಎಂಬುದನ್ನು ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು 2017-18ರಲ್ಲಿ ವಿವರವಾಗಿ ದಾಖಲಿಸಿತ್ತು. ಮೊತ್ತಗಳು ಹಳೆಯವಾದರೂ ಖರ್ಚಿನ ಬಾಬತ್ತುಗಳನ್ನು ಪಟ್ಟಿ ಮಾಡುವ ಕ್ರಮವನ್ನು ಅಲ್ಲಿಂದ ಎರವಲು ಪಡೆಯಬಹುದು.

ಹಳೆಯ ಅಂಕಿಗಳನ್ನು ಬಳಸುವಾಗ ಗಡಿಗಳನ್ನು ಪರೀಕ್ಷಿಸಿ. 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿ ಹಲವು ಸಲ ಕಿರಿದಾಗಿದೆ. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕಾಲೇಜುಗಳು ಅದರ ಕಡೆಗೆ ಹೋದವು. ಅದಕ್ಕೂ ಹಿಂದಿನ ವರ್ಷದ ವಿದ್ಯಾರ್ಥಿ ಸಂಖ್ಯೆಯನ್ನು ಇಂದಿನದರ ಪಕ್ಕದಲ್ಲಿಟ್ಟು ‘ವಿದ್ಯಾರ್ಥಿಗಳು ಕಡಿಮೆಯಾಗಿದ್ದಾರೆ’ ಎಂದು ತೀರ್ಮಾನಿಸಿದರೆ ಅದು ಶುದ್ಧ ತಪ್ಪು.

ನಾಲ್ಕನೆಯದು: ಪ್ರಶ್ನಾವಳಿಗೂ ಮೊದಲು ಮಾತುಕತೆ

ಸಂಶೋಧನೆಯ ಜೀವ ಇರುವುದು ಈ ಹಂತದಲ್ಲಿ. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಪ್ರತಿ ಗುಂಪಿನಿಂದ ಹತ್ತು ಹನ್ನೆರಡು ಮಂದಿಯೊಡನೆ ಮುಕ್ಕಾಲು ತಾಸು ಮಾತನಾಡಿ. ಎಂಟನೆಯವರೋ ಒಂಬತ್ತನೆಯವರೋ ಬರುವ ಹೊತ್ತಿಗೆ ಹೊಸ ವಿಷಯ ಕಡಿಮೆಯಾಗಿ ಹಳೆಯದೇ ಮರಳತೊಡಗುತ್ತದೆ. ಇಷ್ಟಕ್ಕೆ ಸಾಕು ಎನ್ನಲು ಅದೇ ಗುರುತು. ಪ್ರಾಂಶುಪಾಲರ ಕೊಠಡಿಯಲ್ಲಿ, ವಾರ್ಡನ್ ಎದುರಿಗೆ, ಅಥವಾ ಇಡೀ ಗೆಳೆಯರ ಗುಂಪಿನ ನಡುವೆ ಮಾತನಾಡಿಸಬೇಡಿ. ಚಹಾದಂಗಡಿಯ ಹೊರಗಿನ ಕಟ್ಟೆಯೋ, ಕರ್ನಾಟಕ ಕಾಲೇಜಿನ ಆವರಣದ ಮರದ ನೆರಳೋ ಸಾಕು. ಹೆಣ್ಣುಮಕ್ಕಳೊಡನೆ ಮಾತನಾಡಲು ಸಾಧ್ಯವಾದಷ್ಟೂ ಹೆಣ್ಣುಮಕ್ಕಳೇ ಹೋಗಲಿ; ಬಹುವಚನದಲ್ಲೇ ಮಾತನಾಡಲಿ. ಹದಿನೆಂಟು ಹತ್ತೊಂಬತ್ತರ ಹುಡುಗನನ್ನು ‘ರೀ’ ಹಚ್ಚಿ ಮಾತನಾಡಿಸಿದಾಗ, ತನ್ನ ಮಾತಿಗೆ ಬೆಲೆಯಿದೆ ಎಂದು ಅವನಿಗೆ ಅನ್ನಿಸುವುದನ್ನು ಮುಖದಲ್ಲೇ ಕಾಣಬಹುದು.

ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ. ನಮ್ಮ ಕಡೆಯ ಮಾತಿನಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆ. ‘ಊಟ ಹೇಗಿದೆ’ ಎಂದರೆ ಧಾರವಾಡದಲ್ಲಿ ಬರುವ ಉತ್ತರ ‘ಅಡ್ಡಿಯಿಲ್ಲ’, ಮೈಸೂರಿನಲ್ಲಿ ‘ಪರವಾಗಿಲ್ಲ’. ಚೆನ್ನಾಗಿದೆ ಎಂಬುದರಿಂದ ಹಿಡಿದು ಬೇರೆ ದಾರಿಯಿಲ್ಲದೆ ಉಣ್ಣುತ್ತಿದ್ದೇನೆ ಎಂಬುದರವರೆಗೆ ಎಲ್ಲವೂ ಈ ಒಂದೊಂದು ಪದದೊಳಗೆ ಹಿಡಿಸುತ್ತದೆ. ಹೊರಗಿನವರ ಮುಂದೆ ಅನ್ನ ಹಾಕಿದವರನ್ನು ದೂರಬಾರದು ಎಂಬ ಸಂಕೋಚವೂ ಅದರಲ್ಲಿ ಸೇರಿರುತ್ತದೆ. ಖಾನಾವಳಿಯೊಂದಕ್ಕಾಗಿ ನಾನು ನಡೆಸಿದ ಮಾತುಕತೆಯ ಒಂದು ತುಣುಕನ್ನು ನೋಡಿ.

“ಮೆಸ್ಸಿನ ಊಟ ಹೆಂಗೈತ್ರಿ?”

“ಅಡ್ಡಿಯಿಲ್ರಿ ಸರ್.”

“ಹೋದ ರವಿವಾರ ರಾತ್ರಿ ಎಲ್ಲಿ ಊಟ ಮಾಡಿದ್ರಿ?”

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. “ರವಿವಾರ ರಾತ್ರಿ ಮೆಸ್ ಇರೂದಿಲ್ರಿ. ಮಧ್ಯಾಹ್ನ ಸಿಹಿ ಊಟ ಇರತೈತಿ. ತಡಾ ಮಾಡಿ ಹೋಗಿ ಹೊಟ್ಟಿ ತುಂಬ ಉಂಡು ಬರ್ತೀವಿ. ರಾತ್ರಿ ಗಿರ್ಮಿಟ್ ತಿಂದು ಮಲಗೂದ್ರಿ.”

“ಅದರ ಹಿಂದಿನ ರವಿವಾರ?”

“ಅವತ್ತು ಊರಿಂದ ಬಸ್ಸಿಗೆ ಬುತ್ತಿ ಕಳಿಸಿದ್ಲು ನಮ್ಮವ್ವ. ಕಟಕ ರೊಟ್ಟಿ, ಶೇಂಗಾ ಚಟ್ನಿ. ರೂಮಿನ್ಯಾಗ ನಾಲ್ಕೂ ಮಂದಿ ಹಂಚಿಕೊಂಡು ಉಂಡ್ವಿ.”

ಮೊದಲ ಪ್ರಶ್ನೆಯಿಂದ ತಿಳಿದದ್ದು ಏನೂ ಇಲ್ಲ. ಎರಡನೆಯದರಿಂದ, ಊಟದ ಹೊತ್ತನ್ನು ಮುಂದೆ ತಳ್ಳಿ ಹಸಿವನ್ನು ಸಂಭಾಳಿಸುವ ಜಾಣತನ ತಿಳಿಯಿತು. ಮೂರನೆಯದರಿಂದ, ಮನೆಯ ಬುತ್ತಿ ಒಬ್ಬನ ಊಟವಲ್ಲ, ಇಡೀ ರೂಮಿನ ಊಟ ಎಂಬುದು ತಿಳಿಯಿತು. ಖಾನಾವಳಿಯ ಮಾಲೀಕರು ರುಚಿ ಸುಧಾರಿಸಲು ಹಣ ಹಾಕುವ ಯೋಚನೆಯಲ್ಲಿದ್ದರು. ಅವರ ಗಿರಾಕಿಗಳಿಗೆ ಬೇಕಾಗಿದ್ದುದು ವಾರದಲ್ಲಿ ಇನ್ನೊಂದು ಹೊತ್ತಿನ ಊಟ.

ಇದೇ ಬಗೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇನ್ನೂ ಹಲವಿವೆ. ಕೊನೆಯ ಸಲ ಹಣ ಸಾಲದೆ ಬಂದಾಗ ಯಾರಿಗೆ ಫೋನ್ ಮಾಡಿದಿರಿ? ಕೊನೆಯ ಸಲ ಯಾವ ವಸ್ತುವನ್ನು ಕೊಳ್ಳಬೇಕೆಂದುಕೊಂಡು ಬಿಟ್ಟಿರಿ? ಈ ರೂಮನ್ನು ಆರಿಸಿದಾಗ ಜೊತೆಗೆ ಯಾರು ಬಂದಿದ್ದರು, ಅವರು ಮೊದಲು ಏನನ್ನು ನೋಡಿದರು? ಈ ಕೊನೆಯ ಪ್ರಶ್ನೆ ಪಿಜಿ ನಡೆಸುವವರಿಗೆ ಬಹಳ ಮುಖ್ಯವಾದದ್ದು. ವಾಸಿಸುವವಳು ಮಗಳಾದರೂ ಆರಿಸುವವರು ಅನೇಕ ವೇಳೆ ಅಪ್ಪ, ಅಣ್ಣ, ಅಥವಾ ಅದೇ ಊರಿನಲ್ಲಿ ನೌಕರಿ ಮಾಡುವ ಸೋದರಮಾವ. ಮಗಳಿಗೆ ಬೇಕಾದದ್ದು ರಾತ್ರಿ ಓದಲು ದೀಪ, ಬಟ್ಟೆ ಒಣಗಿಸಲು ಜಾಗ. ಅಪ್ಪನಿಗೆ ಬೇಕಾದದ್ದು ಗೇಟು, ಬೀಗ, ಮಾಲಕಿಯ ಮಾತಿನ ಧಾಟಿ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳದಿದ್ದರೆ ನಿಮ್ಮ ಚಿತ್ರ ಅರ್ಧವೇ.

ಐದನೆಯದು: ದಿನದ ಲೆಕ್ಕವನ್ನು ಅವರ ಕೈಯಿಂದಲೇ ಬರೆಸಿ

ವಿದ್ಯಾರ್ಥಿಗಳ ಬಳಿ ಹಣ ಕಡಿಮೆ, ಸಮಯ ಹೇರಳ ಎಂಬುದು ವ್ಯಾಪಾರಿಗಳ ನಂಬಿಕೆ. ದಿನಚರಿ ಬರೆಸಿ ನೋಡಿದರೆ ಅದು ಉಳಿಯುವುದಿಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ, ಮತ್ತೆ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ ಬೆಳಗಿನ ನಾಲ್ಕರಿಂದ ಮರುದಿನ ಬೆಳಗಿನ ನಾಲ್ಕರವರೆಗಿನ ಹೊತ್ತನ್ನು ಅರ್ಧ ಗಂಟೆಯ ತುಂಡುಗಳಾಗಿ ದಾಖಲಿಸಲಾಯಿತು. ಅದೇ ಚೌಕಟ್ಟನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ಹದಿನೈದು ಇಪ್ಪತ್ತು ಮಂದಿಗೆ ಕೊಟ್ಟು, ಒಂದು ಕೆಲಸದ ದಿನ ಮತ್ತು ಒಂದು ರವಿವಾರ ತುಂಬಿಸಿಕೊಡಲು ಕೇಳಿ. ಬರೆಯಲು ಬೇಸರವೆನ್ನುವವರು ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸಲಿ. ಪಕ್ಕದಲ್ಲಿ ಇನ್ನೊಂದು ಅಂಕಣವಿರಲಿ: ಆ ಅರ್ಧ ಗಂಟೆಯಲ್ಲಿ ಖರ್ಚಾದ ಹಣ. ಯುಪಿಐ ಬಂದ ಮೇಲೆ ಇದು ಸುಲಭವಾಗಿದೆ. ತಮ್ಮದೇ ಮೊಬೈಲಿನ ಪಾವತಿ ಪಟ್ಟಿಯನ್ನು ನೋಡಿಕೊಂಡು ಅವರೇ ಬರೆಯಬಹುದು. ಆ ಪಟ್ಟಿಯನ್ನು ನೀವು ನೋಡಲು ಕೇಳಬೇಡಿ, ಸ್ಕ್ರೀನ್‌ಶಾಟ್ ಅಂತೂ ಬೇಡವೇ ಬೇಡ.

ತಿಂಗಳ ಯಾವ ವಾರದಲ್ಲಿ ಬರೆಸುತ್ತೀರಿ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಮನೆಯಿಂದ ಹಣ ಬಂದ ಮೊದಲ ವಾರದ ಚಹಾದ ಲೆಕ್ಕ ಬೇರೆ, ಕೊನೆಯ ವಾರದ್ದು ಬೇರೆ. ಸುಗ್ಗಿಯ ಕಾಲದಲ್ಲಿ ಹೊಲದ ಕೆಲಸಕ್ಕೆಂದು ಊರಿಗೆ ಹೋಗುವವರಿದ್ದಾರೆ. ಪರೀಕ್ಷೆಯ ವಾರಗಳಲ್ಲಿ ಯಾರದೂ ಎಂದಿನ ದಿನಚರಿಯಲ್ಲ. ಎರಡು ಬೇರೆ ಬೇರೆ ವಾರಗಳಲ್ಲಿ ಬರೆಸುವುದು ಕನಿಷ್ಠ ಅಗತ್ಯ.

ಆರನೆಯದು: ಆದ್ಯತೆ ತಿಳಿಯಲು ಹುಣಸೆ ಬೀಜ

‘ನಿಮಗೆ ಇದು ಎಷ್ಟು ಮುಖ್ಯ’ ಎಂದು ಒಂದೊಂದನ್ನೇ ಕೇಳುತ್ತ ಹೋದರೆ ಎಲ್ಲವೂ ‘ಬಹಳ ಮುಖ್ಯ’ ಎಂದೇ ಬರುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾದಾಗ ಮಾತ್ರ ಆದ್ಯತೆ ಹೊರಬೀಳುತ್ತದೆ. ಇದಕ್ಕೆ ನಾನು ಬಳಸುವುದು ಇಪ್ಪತ್ತು ಹುಣಸೆ ಬೀಜ ಮತ್ತು ಎಂಟು ಚೀಟಿ. ಚೀಟಿಗಳ ಮೇಲೆ ಬಾಡಿಗೆ, ಊಟ, ಮೊಬೈಲ್ ರೀಚಾರ್ಜ್, ಪುಸ್ತಕ ಮತ್ತು ಝೆರಾಕ್ಸ್, ಪರೀಕ್ಷೆ ಅರ್ಜಿ ಶುಲ್ಕ, ಬಟ್ಟೆ, ಗೆಳೆಯರೊಡನೆ ತಿರುಗಾಟ, ಮನೆಗೆ ಕಳಿಸುವ ಹಣ ಎಂದು ಬರೆದಿರುತ್ತದೆ. ಮೊದಲು ಹೋದ ತಿಂಗಳ ಖರ್ಚಿನಂತೆ ಬೀಜಗಳನ್ನು ಹಂಚಲು ಹೇಳುತ್ತೇನೆ. ಆಮೇಲೆ ಐದು ಬೀಜಗಳನ್ನು ಹಿಂದಕ್ಕೆ ಕೇಳುತ್ತೇನೆ. ಎಲ್ಲಿಂದ ತೆಗೆಯುತ್ತಾರೆ, ಯಾವ ಚೀಟಿಯ ಮೇಲೆ ಬೆರಳು ತಡೆಯುತ್ತದೆ ಎಂಬುದನ್ನು ನೋಡುತ್ತ ಕೂರುವುದೇ ಸಂಶೋಧನೆ.

ಒಮ್ಮೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಯುವತಿಯೊಬ್ಬರು ಊಟದ ಚೀಟಿಯಿಂದ ಎರಡು, ಬಟ್ಟೆಯಿಂದ ಒಂದು, ರೀಚಾರ್ಜಿನಿಂದ ಒಂದು ಬೀಜ ತೆಗೆದರು. ಐದನೆಯದಕ್ಕೆ ಅರ್ಜಿ ಶುಲ್ಕದ ಚೀಟಿಯ ಹತ್ತಿರ ಕೈ ಒಯ್ದು, ಹಿಂದೆಗೆದು, ಮತ್ತೆ ಊಟದಿಂದಲೇ ತೆಗೆದುಕೊಟ್ಟರು. “ಅರ್ಜಿ ಹಾಕದಿದ್ರ ಇಲ್ಲಿರೂದಾದ್ರೂ ಯಾಕ್ರಿ ಅಕ್ಕಾರ?” ಎಂದು ನನ್ನ ಸಹೋದ್ಯೋಗಿಯನ್ನು ಕೇಳಿದರು. ಆ ಪ್ರಶ್ನೆಯನ್ನು ನಾವು ವರದಿಯ ಮೊದಲ ಪುಟದಲ್ಲಿ ಹಾಗೆಯೇ ಇಟ್ಟೆವು. ಮನೆಯಿಂದ ಹಣ ತರಿಸಿಕೊಳ್ಳುವವರಷ್ಟೇ ಅಲ್ಲ, ಕೇಟರಿಂಗ್ ಕೆಲಸಕ್ಕೋ ಡೆಲಿವರಿಗೋ ಹೋಗಿ ಮನೆಗೆ ಹಣ ಕಳಿಸುವ ವಿದ್ಯಾರ್ಥಿಗಳೂ ಇದ್ದಾರೆ ಎಂಬುದೂ ಇದೇ ಚೀಟಿಗಳಿಂದ ಹೊರಬರುತ್ತದೆ. ಕೊನೆಯ ಚೀಟಿಯನ್ನು ಬಿಟ್ಟುಬಿಟ್ಟರೆ ಆ ಸಂಗತಿಯನ್ನು ಅವರಾಗಿ ಹೇಳಲಿಕ್ಕಿಲ್ಲ.

ಏಳನೆಯದು: ಎಣಿಕೆಗಾಗಿ ಪ್ರಶ್ನಾವಳಿ

ಮಾತುಕತೆಯಿಂದ ಏನೇನಿದೆ ಎಂಬುದು ತಿಳಿಯುತ್ತದೆ. ಎಷ್ಟು ಮಂದಿಗೆ ಹಾಗಿದೆ ಎಂಬುದಕ್ಕೆ ಪ್ರಶ್ನಾವಳಿ ಬೇಕು. ಐದಾರು ನಿಮಿಷದಲ್ಲಿ ಮುಗಿಯುವಂತೆ ಹದಿನೈದರೊಳಗೆ ಪ್ರಶ್ನೆಗಳಿರಲಿ. ‘ಮೆಸ್ಸಿನ ರುಚಿ ಮತ್ತು ಸ್ವಚ್ಛತೆ ತೃಪ್ತಿಕರವೇ’ ಎಂದು ಎರಡನ್ನು ಒಂದರಲ್ಲಿ ಕೇಳಬೇಡಿ. ರುಚಿ ಚೆನ್ನಾಗಿದ್ದು ತಾಟು ಜಿಡ್ಡಾಗಿದ್ದರೆ ಅವರು ಏನೆಂದು ಗುರುತು ಹಾಕಬೇಕು? ‘ಬಲವಾಗಿ ಒಪ್ಪುತ್ತೇನೆ’ ಎಂಬಂಥ, ಯಾರೂ ಬಾಯಲ್ಲಿ ಆಡದ ಆಯ್ಕೆಗಳ ಬದಲು ‘ಕಳೆದ ಏಳು ದಿನಗಳಲ್ಲಿ ಎಷ್ಟು ಸಲ’ ಎಂದು ಸಂಖ್ಯೆಯನ್ನೇ ಕೇಳಿ. ಕನ್ನಡದಲ್ಲೇ ಯೋಚಿಸಿ ಬರೆದು, ಅಗತ್ಯವಿದ್ದವರಿಗೆ ಬೇರೆ ಭಾಷೆಯ ಪ್ರತಿ ಮಾಡಿ. ಮೊದಲು ಎಂಟು ಹತ್ತು ಮಂದಿಗೆ ಕೊಟ್ಟು, ಗಟ್ಟಿಯಾಗಿ ಓದಿಸಿ, ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ.

ಬೆಲೆಯನ್ನು ‘ಎಷ್ಟು ಕೊಡುವಿರಿ’ ಎಂದು ಕೇಳಿದರೆ ಚೌಕಾಶಿ ಶುರುವಾಗುತ್ತದೆ. ನೆದರ್ಲೆಂಡ್ಸಿನ ಅರ್ಥಶಾಸ್ತ್ರಜ್ಞ ಪೀಟರ್ ವಾನ್ ವೆಸ್ಟೆನ್‌ಡಾರ್ಪ್ 1976ರಲ್ಲಿ ಮುಂದಿಟ್ಟ ನಾಲ್ಕು ಪ್ರಶ್ನೆಗಳ ಕ್ರಮ ಇಲ್ಲಿ ಒಳ್ಳೆಯದು. ಖಾನಾವಳಿಗೆ ಅದನ್ನು ಹೀಗೆ ಹೇಳಬಹುದು: ತಿಂಗಳಿಗೆ ಎಷ್ಟಾದರೆ ‘ಇಷ್ಟು ಅಗ್ಗಕ್ಕೆ ಕೊಡುವವರ ಎಣ್ಣೆ, ಅಕ್ಕಿ ಸರಿಯಿರಲಿಕ್ಕಿಲ್ಲ’ ಅನ್ನಿಸುತ್ತದೆ? ಎಷ್ಟಾದರೆ ಕೊಟ್ಟ ಹಣಕ್ಕೆ ಮೋಸವಿಲ್ಲ ಅನ್ನಿಸುತ್ತದೆ? ಎಷ್ಟಾದರೆ ತುಟ್ಟಿಯಾಯಿತು, ಆದರೂ ವಿಚಾರ ಮಾಡಬಹುದು? ಎಷ್ಟಾದರೆ ಬೇಡವೇ ಬೇಡ? ನಾಲ್ಕು ಉತ್ತರಗಳನ್ನು ಗುಂಪುವಾರು ಜೋಡಿಸಿದರೆ ಒಪ್ಪಿಗೆಯಾಗುವ ಬೆಲೆಯ ಎರಡು ಅಂಚುಗಳು ಕಾಣುತ್ತವೆ.

ಇನ್ನು ಎಷ್ಟು ಮಂದಿ ಬೇಕು ಎಂಬ ಪ್ರಶ್ನೆ. ಪಟ್ಟಿಯಿಂದ ಯಾದೃಚ್ಛಿಕವಾಗಿ, ಅಂದರೆ ಎಲ್ಲರಿಗೂ ಸಮಾನ ಅವಕಾಶವಿರುವಂತೆ ಚೀಟಿ ಎತ್ತಿದ ಹಾಗೆ, ಆರಿಸಿದ 100 ಮಂದಿಯ ಉತ್ತರದಲ್ಲಿ ಶೇ. 10ರಷ್ಟು, 400 ಮಂದಿಯಲ್ಲಿ ಶೇ. 5ರಷ್ಟು ಹೆಚ್ಚು ಕಡಿಮೆ ಇರಬಹುದು ಎಂಬುದು ಸಂಖ್ಯಾಶಾಸ್ತ್ರದ ಸಾಮಾನ್ಯ ಅಂದಾಜು. ಆದರೆ ‘ಯಾದೃಚ್ಛಿಕವಾಗಿ ಆರಿಸಿದ’ ಎಂಬ ಷರತ್ತನ್ನು ಬಿಟ್ಟರೆ ಈ ಸಂಖ್ಯೆಗಳಿಗೆ ಅರ್ಥವಿಲ್ಲ. ವಾಟ್ಸ್‌ಆ್ಯಪ್ ಗುಂಪುಗಳಿಗೆ ಗೂಗಲ್ ಫಾರ್ಮ್ ಹಾಕಿ ಸಾವಿರ ಉತ್ತರ ಬಂದವೆಂದು ಹಿಗ್ಗುವವರು ಅಮೆರಿಕದ 1936ರ ಅಧ್ಯಕ್ಷೀಯ ಚುನಾವಣೆಯನ್ನು ನೆನೆಯಬೇಕು. ಲಿಟರರಿ ಡೈಜೆಸ್ಟ್ ಪತ್ರಿಕೆ ದೂರವಾಣಿ ಪಟ್ಟಿ, ಕಾರು ನೋಂದಣಿ ಪಟ್ಟಿಗಳಂಥವನ್ನು ಹಿಡಿದು ಸುಮಾರು ಒಂದು ಕೋಟಿ ಮಂದಿಗೆ ಚೀಟಿ ಕಳಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಅಂದಿನ ಅಧ್ಯಕ್ಷ ರೂಸ್‌ವೆಲ್ಟ್ ಅವರ ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆಂದಿತು. ರೂಸ್‌ವೆಲ್ಟ್ 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ಉಳ್ಳವರ ಪಟ್ಟಿಯಿಂದ, ಅದರಲ್ಲೂ ಉತ್ತರಿಸುವ ಉಮೇದು ಇದ್ದವರಿಂದ ಇಡೀ ದೇಶದ ಮನಸ್ಸು ತಿಳಿಯಲಿಲ್ಲ.

ನನ್ನ ಆರಂಭದ ದಿನಗಳ ಒಂದು ಸಮೀಕ್ಷೆಯಲ್ಲಿ ನಾನೂ ಇದೇ ತಪ್ಪನ್ನು ಮಾಡಿದ್ದೇನೆ. ಕಾಲೇಜೊಂದರ ಕ್ಯಾಂಟೀನಿನಲ್ಲಿ ಮಧ್ಯಾಹ್ನ ಕೂತು ಸಿಕ್ಕವರನ್ನೆಲ್ಲ ಕೇಳಿದೆ. ಮನೆಯಿಂದ ಡಬ್ಬಿ ತಂದು ತರಗತಿಯಲ್ಲೇ ಉಣ್ಣುವವರು, ಎರಡು ಗಂಟೆಯ ಬಸ್ಸು ಹಿಡಿಯಲು ಓಡಿದವರು ಒಬ್ಬರೂ ನನ್ನ ಲೆಕ್ಕಕ್ಕೆ ಬರಲಿಲ್ಲ. ನನ್ನ ವರದಿಯನ್ನು ನಂಬಿ ಸಂಜೆ ಎಂಟರವರೆಗೆ ತಿಂಡಿ ಅಂಗಡಿ ತೆರೆದಿಟ್ಟವರು ಆರು ಗಂಟೆಯ ಮೇಲೆ ಖಾಲಿ ಬೆಂಚು ನೋಡುತ್ತ ಕೂರಬೇಕಾಯಿತು. ಅವರ ನಷ್ಟದ ನೆನಪು ನನಗೆ ಈಗಲೂ ಹಸಿಯಾಗಿದೆ. ಅಂದಿನಿಂದ ಪ್ರತಿ ಗುಂಪಿಗೆ ಇಂತಿಷ್ಟು ಎಂದು ಮೊದಲೇ ಗೊತ್ತುಮಾಡಿ, ಬಸ್ ನಿಲ್ದಾಣ, ವಾಚನಾಲಯ, ವಸತಿಗೃಹ, ತರಗತಿ ಎಂದು ಬೇರೆ ಬೇರೆ ಜಾಗಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಕೇಳುತ್ತೇನೆ. ಇದು ಯಾದೃಚ್ಛಿಕ ಮಾದರಿಯಲ್ಲ ಎಂಬುದನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ.

ಎಂಟನೆಯದು: ಒಪ್ಪಿಗೆ ಮತ್ತು ಗೌಪ್ಯತೆ

ಯಾರಿಗಾಗಿ, ಯಾತಕ್ಕಾಗಿ ಕೇಳುತ್ತಿದ್ದೀರಿ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಅವರ ವೈಯಕ್ತಿಕ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಪದವಿಯ ಮೊದಲ ವರ್ಷದಲ್ಲಿ ಹದಿನೇಳರವರು ಇರುತ್ತಾರೆಂಬುದನ್ನು ನೆನಪಿಡಿ. ಹೆಸರು, ಮೊಬೈಲ್ ಸಂಖ್ಯೆ ಅಗತ್ಯವಿಲ್ಲದಿದ್ದರೆ ಕೇಳಲೇಬೇಡಿ. ಜಾತಿ, ಮನೆಯ ಆದಾಯ, ಸಾಲದ ಪ್ರಶ್ನೆಗಳು ನಿಮ್ಮ ತೀರ್ಮಾನಕ್ಕೆ ನಿಜವಾಗಿ ಬೇಕೇ ಎಂದು ಎರಡು ಸಲ ಯೋಚಿಸಿ. ಬೇಕಾದರೂ ಉತ್ತರಿಸದಿರುವ ಆಯ್ಕೆ ಇರಲಿ. ಅಂಕ ಕೊಡುವ ಅಧ್ಯಾಪಕರ ಕೈಯಿಂದ ಫಾರ್ಮ್ ಹಂಚಿಸಬೇಡಿ. ಅಲ್ಲಿ ‘ಇಷ್ಟವಿದ್ದರೆ ತುಂಬಿ’ ಎಂಬ ಮಾತು ಮಾತಾಗಿಯೇ ಉಳಿಯುತ್ತದೆ. ಸಮೀಕ್ಷೆಯ ಹೆಸರಲ್ಲಿ ಸಂಖ್ಯೆ ಪಡೆದು ಮರುದಿನ ಮಾರಾಟದ ಕರೆ ಮಾಡುವುದು ಮೋಸ. ಮುಕ್ಕಾಲು ತಾಸು ಕೊಟ್ಟವರಿಗೆ ಸಣ್ಣದಾದರೂ ಗೌರವಧನ ಕೊಡಿ.

ಒಂಬತ್ತನೆಯದು: ಟಿಪ್ಪಣಿ, ವಿಂಗಡಣೆ, ಪ್ರಯೋಗ

ಮಾತುಕತೆ ಮುಗಿದ ದಿನವೇ, ಅವರ ಮಾತುಗಳು ಕಿವಿಯಲ್ಲಿರುವಾಗಲೇ, ಅವರದೇ ನುಡಿಯಲ್ಲಿ ಬರೆದಿಡಿ. ‘ಅಡ್ಡಿಯಿಲ್ರಿ’ ಎಂಬುದನ್ನು ‘ತೃಪ್ತಿ ವ್ಯಕ್ತಪಡಿಸಿದರು’ ಎಂದು ತಿದ್ದಬೇಡಿ. ಅದರ ಒಂದು ನಕಲನ್ನು ಬೇರೆ ಜಾಗದಲ್ಲಿ ಇಡಿ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಹಳೆಯ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಮಾಡಿದ ಕ್ಷೇತ್ರಕಾರ್ಯದ, ವರ್ಷಗಟ್ಟಲೆ ಶ್ರಮಪಟ್ಟು ಸಂಸ್ಕರಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನ ಅವರ ಅಧ್ಯಯನ ಕೊಠಡಿಗೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋದವು, ಏಕೆಂದರೆ ಮೂರೂ ಒಂದೇ ಕಡೆ ಇದ್ದವು. ಆಮೇಲೆ ಅವರು ಮಾಡಿದಂತೆ ನೆನಪಿನಿಂದಲೇ ಒಂದು ಇಡೀ ಊರನ್ನು ಪುಸ್ತಕದಲ್ಲಿ ಮತ್ತೆ ಕಟ್ಟುವ ಶಕ್ತಿ ನಮಗೆ ಇರುವುದಿಲ್ಲ.

ವಿಂಗಡಿಸುವಾಗ ಚಿಕ್ಕ ಸಂಖ್ಯೆಗಳನ್ನು ಶೇಕಡಾವಾರಿಗೆ ತಿರುಗಿಸಬೇಡಿ. ಹನ್ನೆರಡು ಮಂದಿಯಲ್ಲಿ ಮೂವರು ಎನ್ನಿ, ಶೇ. 25 ಎನ್ನಬೇಡಿ, ಎರಡನೆಯದು ಓದುವವರ ಮನಸ್ಸಿನಲ್ಲಿ ಸಾವಿರಾರು ಮಂದಿಯ ಚಿತ್ರ ಮೂಡಿಸುತ್ತದೆ. ಪ್ರತಿ ಗುಂಪಿನ ಉತ್ತರವನ್ನು ಬೇರೆಯಾಗಿಯೇ ನೋಡಿ, ಮತ್ತು ನಿಮ್ಮ ತೀರ್ಮಾನಕ್ಕೆ ವಿರುದ್ಧವಾಗಿ ಹೇಳಿದವರ ಮಾತುಗಳನ್ನು ಒಂದು ಪ್ರತ್ಯೇಕ ಹಾಳೆಯಲ್ಲಿ ಬರೆದು ಮೊದಲು ಅದನ್ನು ಓದಿ.

ಬಾಯಲ್ಲಿ ‘ಬರ್ತೀವ್ರಿ’ ಎಂದವರೆಲ್ಲ ಬರುವುದಿಲ್ಲವಾದ್ದರಿಂದ ದೊಡ್ಡ ಹಣ ಹಾಕುವ ಮೊದಲು ಸಣ್ಣ ಪ್ರಯೋಗ ಮಾಡಿ. ಮೇಲೆ ಹೇಳಿದ ಖಾನಾವಳಿಗೆ ನಾವು ಸೂಚಿಸಿದ್ದು ನಾಲ್ಕು ರವಿವಾರಗಳ ಪ್ರಯೋಗ: ರೊಟ್ಟಿ, ಒಂದು ಪಲ್ಯ, ಅನ್ನ, ಸಾರು ಮಾತ್ರ, ಶುಕ್ರವಾರದೊಳಗೆ ಹಣ ಕೊಟ್ಟು ಕೂಪನ್ ಪಡೆದವರಿಗೆ ಮಾತ್ರ. ಮಾಲೀಕರು ಪ್ರತಿ ವಾರ ಮೂರು ಸಂಖ್ಯೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದರು: ಬರುತ್ತೇವೆಂದವರು, ಕೂಪನ್ ಕೊಂಡವರು, ಉಂಡವರು. ಮೂರನೆಯ ವಾರ ಕೂಪನ್ ತಗ್ಗಿದಾಗ ಅವರು ನಿರಾಶರಾದರು. ಕೇಳಿ ನೋಡಿದರೆ ಅದು ತಿಂಗಳ ಕೊನೆಯ ವಾರ. ಮುಂದಿನ ತಿಂಗಳು ಕೂಪನ್ನನ್ನು ತಿಂಗಳ ಮೊದಲ ವಾರದಲ್ಲೇ ನಾಲ್ಕೂ ರವಿವಾರಗಳಿಗೆ ಒಟ್ಟಿಗೆ ಮಾರಿದರು. ಫಲಿತಾಂಶವನ್ನು ಒಂದು ಪುಟಕ್ಕಿಳಿಸಿ, ಮಾತನಾಡಿದ ಹುಡುಗರು ಓದಲೆಂದು ಮೆಸ್ಸಿನ ಬಾಗಿಲ ಪಕ್ಕ ಅಂಟಿಸಿದೆವು. ಅದರ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: “ಪರೀಕ್ಷಾ ಟೈಮಿನ್ಯಾಗ ರಾತ್ರಿ ಹತ್ತಕ್ಕ ಊಟ ಸಿಗತೈತೇನ್ರಿ?” ಮುಂದಿನ ಸೆಮಿಸ್ಟರಿನ ಮಾತುಕತೆಯನ್ನು ನಾವು ಆ ಪ್ರಶ್ನೆಯಿಂದ ಆರಂಭಿಸಿದೆವು.